ಅತ್ತೆಯ ಪ್ರಶ್ನೆ, ಅಣ್ಣನ ಹೆಲ್ಮೆಟ್ಟು

ಗೌರಿ ಹಬ್ಬಕ್ಕೆ ನಮ್ಮ ಸೋದರತ್ತೆ ತವರಿಗೆ ಬರುವುದು ಯಾವ ವರ್ಷವೂ ತಪ್ಪಿದ್ದಿಲ್ಲ. ಅವರನ್ನು ಕೊಟ್ಟಿರುವುದು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಒಂದು ಹಳ್ಳಿಗೆ. ಅಲ್ಲಿಂದ ಬಸ್ಸು ಬದಲಿಸಿ, ಮಗ್ಗದ ಸದ್ದಿನ ನಡುವೆ ಇರುವ ದೊಡ್ಡಬಳ್ಳಾಪುರದ ನಮ್ಮ ಮನೆಗೆ ಬರುತ್ತಾರೆ. ನಡುವೆ ಮೂರು ವರ್ಷ ಮಾತ್ರ ಬಾಗಿನ ತೆಗೆದುಕೊಂಡು, ಊಟ ಮುಗಿಸಿ, ಸೆರಗಿಗೆ ಕೈ ಒರೆಸುತ್ತಲೇ ಹೊರಟುಬಿಡುತ್ತಿದ್ದರು. ‘ಇರು ಅತ್ತೆ’ ಎಂದರೆ ‘ನಾಳೆ ಧರಣಿಗೆ ನಮ್ಮನೆ ಪಾಳಿ ಕಣಮ್ಮ’ ಅನ್ನುವುದು ಅವರ ಉತ್ತರ.

2025ರ ಹಬ್ಬಕ್ಕೆ ಅವರು ಎರಡು ದಿನ ಇದ್ದರು. ಜುಲೈ 15ರಂದು ಮುಖ್ಯಮಂತ್ರಿಗಳು ಭೂಸ್ವಾಧೀನ ಕೈಬಿಟ್ಟಿರುವುದಾಗಿ ಘೋಷಿಸಿದ್ದರು. 13 ಹಳ್ಳಿಗಳ 1,777 ಎಕರೆ. 2022ರ ಏಪ್ರಿಲ್ 4ರಂದು ಶುರುವಾದ ಧರಣಿಗೆ ಅಂದಿಗೆ 1,198 ದಿನ. ಅತ್ತೆಯ ಮುಖ ಹೂವಾಗಿತ್ತು. ಒಬ್ಬಟ್ಟು ತಟ್ಟುತ್ತಾ ಅವರು ನಕ್ಕಿದ್ದನ್ನು ಎಷ್ಟೋ ಕಾಲದ ನಂತರ ನೋಡಿದೆ.

ಅಣ್ಣನೂ ಬಂದಿದ್ದ. ಅವನು ಮೀಸಲು ಪೊಲೀಸ್ ಪಡೆಯಲ್ಲಿ ಕಾನ್‌ಸ್ಟೆಬಲ್. ಗಣೇಶನ ಬಂದೋಬಸ್ತ್ ಶುರುವಾದರೆ ರಜೆ ಎಂಬ ಪದವನ್ನೇ ಮರೆಯಬೇಕು. ಹಾಗಾಗಿ ಒಂದು ದಿನದ ಮಟ್ಟಿಗೆ ಹೇಗೋ ಕೇಳಿಕೊಂಡು ಬಂದಿದ್ದ. ಊಟಕ್ಕೆ ಕೂತಾಗ ಅತ್ತೆ ಅವನ ಎಲೆಗೆ ತುಪ್ಪ ಬಡಿಸುತ್ತಾ, ನಗುನಗುತ್ತಲೇ ಕೇಳಿದರು:

‘ಜೂನ್‌ನಲ್ಲಿ ನಿನ್ನನ್ನೇ ದೇವನಹಳ್ಳಿಗೆ ಹಾಕಿದ್ರೆ, ನನ್ನನ್ನೂ ಎತ್ತಿ ಬಸ್ಸಿಗೆ ತುಂಬ್ತಿದ್ಯೇನೋ ಮಗ?’

ಜೂನ್ 25ರ ‘ದೇವನಹಳ್ಳಿ ಚಲೋ’ ದಿನದ ಮಾತದು. ಅಂದು ಸಂಜೆ ಧರಣಿ ಕೂತವರನ್ನು ಪೊಲೀಸರು ಎಳೆದು, ಎತ್ತಿ ಬಸ್ಸುಗಳಿಗೆ ಹತ್ತಿಸಿದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೆವು. ಅತ್ತೆ ಸಂಜೆ ಹಾಲು ಕರೆಯಲು ಮೊದಲೇ ಮನೆಗೆ ಹೊರಟಿದ್ದರಿಂದ ಆ ಬಸ್ಸು ಹತ್ತಿರಲಿಲ್ಲ. ಅಣ್ಣ ಅಂದು ಬೇರೆಲ್ಲೋ ಕರ್ತವ್ಯದಲ್ಲಿದ್ದ. ಅಪ್ಪ ‘ಊಟದ ಹೊತ್ತಲ್ಲಿ ಯಾಕಮ್ಮ ಅದೆಲ್ಲ’ ಅಂದರು. ಅಣ್ಣ ಮಾತ್ರ ಒಂದು ನಿಮಿಷ ಸುಮ್ಮನಿದ್ದು ಹೇಳಿದ:

‘ಎತ್ತುತಿದ್ದೆ ಅತ್ತೆ. ಆದ್ರೆ ನಿಧಾನಕ್ಕೆ ಎತ್ತುತಿದ್ದೆ.’

ಎಲ್ಲರೂ ನಕ್ಕರು. ನನಗೆ ಮಾತ್ರ ಆ ‘ನಿಧಾನಕ್ಕೆ’ ಎಂಬ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು. ಯಾಕೆಂದರೆ ಅದಕ್ಕೂ ಕೆಲವು ತಿಂಗಳ ಹಿಂದೆ ನಾನು ಕಾಲೇಜಿನ ಚರ್ಚಾ ಸ್ಪರ್ಧೆಯಲ್ಲಿ ಇದೇ ವಿಷಯಕ್ಕೆ ಎರಡನೇ ಬಹುಮಾನ ತಂದಿದ್ದೆ.

ವಿಷಯ: ‘ಪೊಲೀಸರಿಗೆ ಸೇನಾ ಮಾದರಿಯ ಸಲಕರಣೆ ಬೇಕು’. ಚೀಟಿ ಎತ್ತಿದಾಗ ನನಗೆ ‘ಪರ’ ಬಂದಿತ್ತು. ಅಣ್ಣ ಪೊಲೀಸ್ ಆಗಿರುವುದರಿಂದ ಖುಷಿಯೇ ಆಯಿತು. ವೇದಿಕೆಯಲ್ಲಿ ನಾನು ಮುಂಬೈಯಿಂದ ಶುರು ಮಾಡಿದೆ. 2008ರ ನವೆಂಬರ್ 26ರ ರಾತ್ರಿ ಎ.ಕೆ. 47 ಹಿಡಿದು ಬಂದವರ ಎದುರು ಅಲ್ಲಿನ ಪೊಲೀಸರ ಕೈಲಿದ್ದದ್ದು ಲಾಠಿ ಮತ್ತು ಅಜ್ಜನ ಕಾಲದ .303 ರೈಫಲ್‌ಗಳು. ಸಹಾಯಕ ಸಬ್ ಇನ್‌ಸ್ಪೆಕ್ಟರ್ ತುಕಾರಾಂ ಓಂಬಳೆ ಬರಿಗೈಯಲ್ಲಿ ಕಸಬ್‌ನ ಬಂದೂಕಿನ ನಳಿಗೆ ಹಿಡಿದು ಪ್ರಾಣ ಬಿಟ್ಟರು. ಆಮೇಲೆ ನಮ್ಮ ರಾಜ್ಯಕ್ಕೆ ಬಂದೆ. 2005ರ ಫೆಬ್ರುವರಿಯ ಒಂದು ರಾತ್ರಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯ ಶಾಲೆಯಲ್ಲಿ ತಂಗಿದ್ದ ಮೀಸಲು ಪೊಲೀಸರ ಮೇಲೆ ನಕ್ಸಲರು ದಾಳಿ ಮಾಡಿದರು. ಹಲವರು ಅಲ್ಲೇ ಸತ್ತರು. ಇದನ್ನು ಹೇಳುವಾಗ ನನ್ನ ದನಿ ನಡುಗಿತು. ನಟನೆಯಲ್ಲ, ಅಣ್ಣನ ಮುಖ ಕಣ್ಣೆದುರು ಬಂದಿತ್ತು. ತೀರ್ಪುಗಾರರಿಗೆ ಬಹುಶಃ ಅದೇ ಹಿಡಿಸಿತು.

ಆ ಮಾತುಗಳಲ್ಲಿ ಯಾವುದೂ ಸುಳ್ಳಲ್ಲ, ಇವತ್ತಿಗೂ ಅವನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಭಯೋತ್ಪಾದಕನೊಬ್ಬ ವಿಮಾನ ನಿಲ್ದಾಣಕ್ಕೆ ನುಗ್ಗಿದರೆ ಅವನನ್ನು ಲಾಠಿ ಹಿಡಿದು ಎದುರಿಸಿ ಎಂದು ಯಾರೂ ಹೇಳಲಾರರು. ನಮ್ಮ ಜಿಲ್ಲೆಯಲ್ಲೇ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವಿದೆ. ಮುಂಬೈ ದಾಳಿಯ ನಂತರ ಕರ್ನಾಟಕ ಪೊಲೀಸ್ ಇಲಾಖೆ ಕಟ್ಟಿದ ‘ಗರುಡ’ ಕಮಾಂಡೊ ಪಡೆ ಇರುವುದೇ ಅಂಥ ದಿನಕ್ಕಾಗಿ. ಆದರೆ ಗೌರಿ ಹಬ್ಬದ ಮಧ್ಯಾಹ್ನ ನನಗೆ ಹೊಳೆದದ್ದು, ನನ್ನ ಭಾಷಣದಲ್ಲಿ ಅತ್ತೆ ಇರಲೇ ಇಲ್ಲ ಎಂಬುದು. ಪೊಲೀಸರ ಎದುರು ನಾನು ನಿಲ್ಲಿಸಿದ್ದು ಬರೀ ಕಸಬ್‌ನಂಥವರನ್ನು. ಅಣ್ಣನ ಏಳು ವರ್ಷದ ನೌಕರಿಯಲ್ಲಿ ಅವನ ಎದುರು ಕಸಬ್ ಒಮ್ಮೆಯೂ ಬಂದಿಲ್ಲ. ಬಂದವರೆಲ್ಲ ವಿದ್ಯಾರ್ಥಿಗಳು, ಗಾರ್ಮೆಂಟ್ಸ್ ಹೆಂಗಸರು, ರೈತರು, ಅಂಗನವಾಡಿ ಕಾರ್ಯಕರ್ತೆಯರು, ಗಣೇಶನ ಮೆರವಣಿಗೆಯ ಹುಡುಗರು, ಘಾಟಿ ಜಾತ್ರೆಯಲ್ಲಿ ದನ ಹಿಡಿದು ಬಂದವರು.

ಆ ರಾತ್ರಿ ಚಾವಡಿಯಲ್ಲಿ ಚಾಪೆ ಹಾಕಿಕೊಂಡು ಅಣ್ಣನನ್ನು ಕೇಳಿದೆ, ಮೈಮೇಲೆ ಏನೇನು ಹಾಕಿಕೊಳ್ಳುತ್ತೀಯ ಎಂದು. ಅವನು ಮೊದಲು ಹೇಳಿದ್ದು ಬಂದೂಕಿನ ಬಗ್ಗೆ ಅಲ್ಲ, ಹೆಲ್ಮೆಟ್ಟಿನ ಬಗ್ಗೆ. ಮುಖಕ್ಕೆ ಪಾರದರ್ಶಕ ಪರದೆ ಇರುವ ಹೆಲ್ಮೆಟ್ಟು. ಏಪ್ರಿಲ್ ಬಿಸಿಲಲ್ಲಿ ಅದನ್ನು ನಾಲ್ಕು ಗಂಟೆ ಹಾಕಿಕೊಂಡರೆ ಪರದೆಯ ಒಳಗೆ ಉಸಿರು ಮಂಜಾಗಿ ಕೂರುತ್ತದಂತೆ, ಎದುರಿಗಿರುವವರು ಮಸುಕು ಮಸುಕಾಗಿ ಕಾಣುತ್ತಾರಂತೆ. ಎದೆಗೆ, ಭುಜಕ್ಕೆ, ಮೊಣಕಾಲಿಗೆ ಕವಚ. ಎಡಗೈಲಿ ಪಾಲಿಕಾರ್ಬೊನೇಟ್ ಗುರಾಣಿ, ಬಲಗೈಲಿ ಲಾಠಿ. ನೀರು ಕುಡಿಯಬೇಕೆಂದರೂ ಪಕ್ಕದವನು ಗುರಾಣಿ ಹಿಡಿದುಕೊಳ್ಳಬೇಕು. ‘ಅದಿಲ್ಲದೆ ಕಲ್ಲು ಬೀಳೋ ಕಡೆ ನಿಂತ್ಕೊಂಡಿದ್ರೆ ಗೊತ್ತಾಗೋದು ನಿನಗೆ’ ಅಂದ. ‘ಹೆದರಿದ ಪೊಲೀಸು ಕೆಟ್ಟವನು. ತಲೆ ಒಡೆಯತ್ತೆ ಅಂತ ಗೊತ್ತಾದ್ರೆ ಅವನೇ ಮೊದಲು ಹೊಡೀತಾನೆ. ಹೆಲ್ಮೆಟ್ಟಿದ್ರೆ ಒಂದು ಕಲ್ಲು ಬಿದ್ರೂ ಸುಮ್ನೆ ನಿಂತಿರ್ತೀನಿ.’

ನನಗೆ ಇದು ಚರ್ಚೆಯ ಪುಸ್ತಕಗಳಲ್ಲಿ ಸಿಗದ ಮಾತು. ಕವಚ, ಹೆಲ್ಮೆಟ್ಟು, ಗುರಾಣಿ ಕೂಡ ನೋಡಲು ಸೇನೆಯ ಉಡುಪಿನಂತೆಯೇ ಕಾಣುತ್ತವೆ. ಆದರೆ ಅವು ಪೊಲೀಸನಿಗೆ ತಾಳ್ಮೆ ಕೊಡುತ್ತವೆ. ಇನ್ನೂ ಚೆನ್ನಾಗಿರುವುದನ್ನು, ಹಗುರವಾದದ್ದನ್ನು, ಮಹಿಳಾ ಸಿಬ್ಬಂದಿಯ ಮೈಗೆ ಸರಿಯಾಗಿ ಕೂರುವಂಥದ್ದನ್ನು ಕೊಡಲಿ. ಅದಕ್ಕೆ ಚರ್ಚೆಯೇ ಬೇಕಿಲ್ಲ.

ಚರ್ಚೆ ಬೇಕಿರುವುದು ಮುಂದಿನ ಮೆಟ್ಟಿಲಲ್ಲಿ. ಅಶ್ರುವಾಯು ಸಿಡಿಸುವ ಬಂದೂಕಿನ ಕೆಲಸ ಹೇಗೆ ಎಂದು ಅಣ್ಣ ವಿವರಿಸಿದ. 38 ಮಿಲಿಮೀಟರ್ ನಳಿಗೆ. ಶೆಲ್ಲನ್ನು ಜನರ ಮೈಗೆ ನೇರವಾಗಿ ಗುರಿಯಿಟ್ಟು ಹೊಡೆಯುವಂತಿಲ್ಲ, ಮೇಲಕ್ಕೆ ಓರೆಯಾಗಿ ಹೊಡೆಯಬೇಕು. ಗಾಳಿ ಯಾವ ಕಡೆ ಬೀಸುತ್ತಿದೆ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಹೊಗೆ ತಮ್ಮ ಮೇಲೆಯೇ ತಿರುಗುತ್ತದೆ. ತರಬೇತಿಯಲ್ಲಿ ಇವರನ್ನೇ ಆ ಹೊಗೆಯೊಳಗೆ ನಡೆಸಿದ್ದರಂತೆ. ‘ಮೆಣಸಿನಕಾಯಿ ಘಾಟು ಅಂದ್ಕೊಂಡಿದ್ದೆ. ಕಣ್ಣೊಳಗೆ ಯಾರೋ ಬೆಂಕಿ ಇಟ್ಟಂಗಾಯ್ತು’ ಅಂದ.

ಮಾರನೇ ದಿನ ಅಶ್ರುವಾಯುವಿನ ಬಗ್ಗೆ ಓದುತ್ತಾ ಕೂತೆ. ಒಂದು ಕಡೆ ಬೆಚ್ಚಿಬಿದ್ದೆ. 1997ರಲ್ಲಿ ಜಾರಿಗೆ ಬಂದ, ಭಾರತವೂ ಒಪ್ಪಿರುವ ರಾಸಾಯನಿಕ ಅಸ್ತ್ರಗಳ ಒಪ್ಪಂದದ ಮೊದಲ ವಿಧಿಯಲ್ಲೇ ಒಂದು ಮಾತಿದೆ: ಗಲಭೆ ಹತ್ತಿಕ್ಕಲು ಬಳಸುವ ಇಂಥ ವಾಯುಗಳನ್ನು ಯುದ್ಧದ ವಿಧಾನವಾಗಿ ಬಳಸಕೂಡದು. ಅದೇ ಒಪ್ಪಂದ ದೇಶದೊಳಗಿನ ಕಾನೂನು ಪಾಲನೆಗೆ ಅವಕಾಶ ಕೊಟ್ಟಿದೆ. ಅಂದರೆ ಗಡಿಯಲ್ಲಿ ಶತ್ರು ಸೈನಿಕನ ಮೇಲೆ ಹಾಕಬಾರದ್ದನ್ನು ನಮ್ಮೂರ ಸರ್ಕಲ್ಲಿನಲ್ಲಿ ನಮ್ಮ ಮೇಲೆ ಹಾಕಬಹುದು! ಇದಕ್ಕೆ ಕಾರಣವೂ ಇದೆ. ಯುದ್ಧದಲ್ಲಿ ಒಂದು ಕಡೆಯವರು ಅಶ್ರುವಾಯು ಹಾಕಿದರೆ ಇನ್ನೊಂದು ಕಡೆಯವರು ಅದನ್ನು ವಿಷಾನಿಲ ಎಂದು ತಿಳಿದು ಇನ್ನೂ ಘೋರವಾದದ್ದನ್ನು ಹಾಕಿಬಿಡಬಹುದು. ನಾವೋ, ತಿರುಗಿ ಏನನ್ನೂ ಹಾಕಲಾರೆವು. ಕಾರಣ ಅರ್ಥವಾಯಿತು, ಸಮಾಧಾನ ಆಗಲಿಲ್ಲ.

ನಮ್ಮ ಸ್ಪರ್ಧೆಯ ವಿಷಯವೇ ಸ್ವಲ್ಪ ಸೋಮಾರಿ ವಿಷಯವೇನೋ ಎಂದು ಆಗ ಅನ್ನಿಸಿತು. ‘ಸೇನಾ ಮಾದರಿ’ ಎಂದರೆ ಕೂಡಲೇ ಕಣ್ಣಿಗೆ ಬರುವುದು ಅಮೆರಿಕದ ಚಿತ್ರಗಳು. ಅಲ್ಲಿ 1997ನೇ ಸಾಲಿನ ರಕ್ಷಣಾ ಕಾಯ್ದೆಯ ‘1033’ ಎಂಬ ಕಲಮಿನ ಪ್ರಕಾರ ಸೇನೆಗೆ ಬೇಡವಾದ ಸಾಮಾನು ಊರೂರಿನ ಪೊಲೀಸರಿಗೆ ಹೋಗುತ್ತದೆ. ರೈಫಲ್ಲು, ರಾತ್ರಿ ಕಾಣುವ ಕನ್ನಡಕ, ನೆಲಬಾಂಬಿಗೂ ಜಗ್ಗದ ವಾಹನ ಎಲ್ಲ. 2014ರ ಆಗಸ್ಟ್‌ನಲ್ಲಿ ಫರ್ಗುಸನ್ ಎಂಬ ಸಣ್ಣ ಊರಿನಲ್ಲಿ ಕಪ್ಪು ತರುಣನೊಬ್ಬ ಪೊಲೀಸ್ ಗುಂಡಿಗೆ ಸತ್ತಾಗ ಬೀದಿಗಿಳಿದ ಜನರೆದುರು ಇಂಥ ವಾಹನಗಳು ಬಂದು ನಿಂತವು. ಆ ಚಿತ್ರ ನೋಡಿ ದೇಶವೇ ಬೆಚ್ಚಿತು. ಒಬಾಮ 2015ರಲ್ಲಿ ಕೆಲವನ್ನು ನಿಷೇಧಿಸಿದರು, 2017ರಲ್ಲಿ ಟ್ರಂಪ್ ಅದನ್ನು ತೆಗೆದರು, 2022ರಲ್ಲಿ ಬೈಡನ್ ಮತ್ತೆ ಬಿಗಿ ಮಾಡಿದರು, 2025ರಲ್ಲಿ ಟ್ರಂಪ್ ಮತ್ತೆ ಸಡಿಲಿಸಿದರು. ನಮ್ಮ ನಗರಸಭೆಯಲ್ಲಿ ಅಧ್ಯಕ್ಷರು ಬದಲಾದಾಗ ಪಾರ್ಕಿನ ಬೀಗ ಬದಲಾದಂತೆ.

ಈ ಸಾಮಾನಿನಿಂದ ಅಪರಾಧ ಕಡಿಮೆಯಾಯಿತೇ? 2017ರಲ್ಲಿ ಕೆಲವು ಅರ್ಥಶಾಸ್ತ್ರಜ್ಞರು ಹೌದು ಎಂದರು. 2020ರಲ್ಲಿ ‘ನೇಚರ್ ಹ್ಯೂಮನ್ ಬಿಹೇವಿಯರ್’ ಪತ್ರಿಕೆಯಲ್ಲಿ ಬಂದ ಎರಡು ಅಧ್ಯಯನಗಳು ಅದೇ ಲೆಕ್ಕವನ್ನು ಇನ್ನಷ್ಟು ಸರಿಯಾದ ದಾಖಲೆ ಇಟ್ಟುಕೊಂಡು ನೋಡಿ, ಹಾಗೆ ಹೇಳಲು ಆಧಾರವಿಲ್ಲ ಎಂದವು. ಲೆಕ್ಕ ತಪ್ಪಲು ಮುಖ್ಯ ಕಾರಣ, ಯಾವ ಊರಿಗೆ ಯಾವ ಸಾಮಾನು ಹೋಯಿತು ಎಂಬ ದಾಖಲೆಯೇ ಸರಿಯಿಲ್ಲದ್ದು. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ನಮ್ಮಲ್ಲಿ ಸೇನೆಯ ಹಳೇ ಸಾಮಾನು ಹೀಗೆ ಠಾಣೆಗೆ ಬರುವುದಿಲ್ಲ. ನಮ್ಮದು ಬೇರೆ ದಾರಿ. 1969–70ರಿಂದ ಕೇಂದ್ರದ ‘ಪೊಲೀಸ್ ಪಡೆಗಳ ಆಧುನೀಕರಣ ಯೋಜನೆ’ ಇದೆ. 2022ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಐದು ವರ್ಷಗಳಿಗೆ 26,275 ಕೋಟಿ ರೂಪಾಯಿಯ ಒಟ್ಟು ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ರಾಜ್ಯಗಳ ಪೊಲೀಸರ ಆಧುನೀಕರಣಕ್ಕೆ 4,846 ಕೋಟಿ, ವಿಧಿವಿಜ್ಞಾನ ಪ್ರಯೋಗಾಲಯಗಳಿಗೆ ಸುಮಾರು 2,080 ಕೋಟಿ. ವಾಹನ, ವೈರ್‌ಲೆಸ್, ಕಂಪ್ಯೂಟರ್ ಕೂಡ ಆಧುನೀಕರಣವೇ, ಬಂದೂಕೂ ಆಧುನೀಕರಣವೇ. ಎಲ್ಲವೂ ಒಂದೇ ಹೆಸರಿನ ಚೀಲದೊಳಗೆ. ಅಶ್ರುವಾಯು ಶೆಲ್ಲುಗಳು ತಯಾರಾಗುವುದು ಮಧ್ಯಪ್ರದೇಶದ ಟೇಕನ್‌ಪುರದಲ್ಲಿ, ಗಡಿ ಭದ್ರತಾ ಪಡೆಯ ಘಟಕದಲ್ಲಿ. ಗಡಿ ಕಾಯುವವರು ತಯಾರಿಸಿದ್ದು ಊರೊಳಗೆ ಸಿಡಿಯುತ್ತದೆ.

ಸಂವಿಧಾನ ಮಾತ್ರ ಗೆರೆಯನ್ನು ಸ್ಪಷ್ಟವಾಗಿಯೇ ಎಳೆದಿದೆ. ಪೊಲೀಸ್ ರಾಜ್ಯದ ಪಟ್ಟಿಯಲ್ಲಿದೆ, ಸೇನೆ ಕೇಂದ್ರದ ಪಟ್ಟಿಯಲ್ಲಿ. ಗುಂಪು ಚದುರಿಸಲು ಸೇನೆಯನ್ನು ಕರೆಸಬೇಕಾದರೆ ಮ್ಯಾಜಿಸ್ಟ್ರೇಟರ ಕೋರಿಕೆ ಬೇಕು. ಹಳೆಯ ದಂಡಪ್ರಕ್ರಿಯಾ ಸಂಹಿತೆಯಲ್ಲೂ, 2024ರ ಜುಲೈ 1ರಿಂದ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 149ನೇ ಕಲಮಿನಲ್ಲೂ ಇದಿದೆ. ಹಾಗೆ ಬಂದ ಸೇನಾಧಿಕಾರಿಗೂ ಕಾನೂನು ಹೇಳುವ ಮಾತು: ಆದಷ್ಟು ಕಡಿಮೆ ಬಲ ಬಳಸು, ಜನರಿಗೆ, ಆಸ್ತಿಗೆ ಆದಷ್ಟು ಕಡಿಮೆ ಪೆಟ್ಟು ಮಾಡು. ಟ್ಯಾಂಕು ಇರುವವನಿಗೇ ಹೀಗೆ ಹೇಳಿರುವಾಗ, ಅಣ್ಣ ಹೇಳಿದ ‘ನಿಧಾನಕ್ಕೆ’ ಎಂಬುದು ಅವನ ಒಳ್ಳೆಯತನದ ಮಾತು ಮಾತ್ರವಲ್ಲ, ಕಾನೂನಿನ ಮಾತೂ ಹೌದು.

ಆದರೆ ಒಂದು ಕೆಲಸಕ್ಕೆಂದು ಕಟ್ಟಿದ ಪಡೆ, ಕೊಂಡ ಸಾಮಾನು ಆ ಕೆಲಸ ಮುಗಿದ ಮೇಲೆ ಮನೆಗೆ ಹೋಗುವುದಿಲ್ಲ. ಇದು ನಮ್ಮ ರಾಜ್ಯದಲ್ಲೇ ಕಣ್ಣೆದುರು ನಡೆದಿದೆ. ಮಲೆನಾಡಿನ ಕಾಡಿಗೆಂದು 2005ರಲ್ಲಿ ನಕ್ಸಲ್ ನಿಗ್ರಹ ಪಡೆ ಬಂತು. 2025ರ ಜನವರಿಯಲ್ಲಿ ಆರು ನಕ್ಸಲರು ಶರಣಾದರು, ಪಡೆಯ ಕೆಲಸ ಬಹುಮಟ್ಟಿಗೆ ಮುಗಿಯಿತು. ಮೇ ತಿಂಗಳಲ್ಲಿ ಸರ್ಕಾರ ಅದರ 656 ಹುದ್ದೆಗಳಲ್ಲಿ 248ನ್ನು ತೆಗೆದು ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಜಿಲ್ಲೆಗಳ ಕೋಮು ಗಲಭೆ ತಡೆಯಲು ‘ವಿಶೇಷ ಕಾರ್ಯಪಡೆ’ ಮಾಡಿತು. ಜೂನ್‌ನಲ್ಲಿ ಮಂಗಳೂರಿನಲ್ಲಿ ಅದರ ಉದ್ಘಾಟನೆಯೂ ಆಯಿತು. ಕರಾವಳಿಯಲ್ಲಿ ಕೊಲೆಗೆ ಕೊಲೆ ಎಂಬಂತೆ ನಡೆಯುತ್ತಿದ್ದಾಗ ಏನಾದರೂ ಮಾಡಲೇಬೇಕಿತ್ತು, ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೂ ಕಾಡಿನಲ್ಲಿ ಬಂದೂಕುಧಾರಿಯನ್ನು ಹುಡುಕಲು ಕಲಿತವನು ಪೇಟೆಯಲ್ಲಿ ನಿಂತಾಗ ಏನನ್ನು ಮರೆಯಬೇಕು, ಏನನ್ನು ಹೊಸದಾಗಿ ಕಲಿಯಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ.

ವೀರಪ್ಪನ್ ಕಥೆಯನ್ನು ನಮ್ಮ ತಲೆಮಾರಿನವರು ಸಿನಿಮಾ, ಸರಣಿಗಳಲ್ಲಿ ನೋಡಿದ್ದೇವೆ. 1992ರಲ್ಲಿ ಅವನ ತಂಡ ರಾಮಾಪುರ ಠಾಣೆಗೇ ನುಗ್ಗಿ, ಪೊಲೀಸರನ್ನು ಕೊಂದು, ಬಂದೂಕು ಹೊತ್ತುಕೊಂಡು ಹೋಯಿತು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬಿಗೆ 22 ಜನ ಸತ್ತರು. ವಿಶೇಷ ಕಾರ್ಯಪಡೆಯ ಜೊತೆಗೆ ಗಡಿ ಭದ್ರತಾ ಪಡೆಯೂ ಕಾಡಿಗಿಳಿಯಿತು. ಇದಿಷ್ಟು ಎಲ್ಲರಿಗೂ ಗೊತ್ತು. ಅದರ ಇನ್ನೊಂದು ತುದಿ ನನಗೆ ಗೊತ್ತಿರಲಿಲ್ಲ. ಕಾರ್ಯಪಡೆಯವರು ಮಾಡಿದ ಚಿತ್ರಹಿಂಸೆಯ ದೂರುಗಳನ್ನು ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ವಿಚಾರಿಸಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಲು ಹೇಳಿತು. ಕಾಡಿನ ಅಂಚಿನ ಹಳ್ಳಿಯವರು ಅವರೆಲ್ಲ. ವೀರಪ್ಪನ್ ಸತ್ತು ಆಗ ಮೂರನೇ ವರ್ಷ.

ಈಗ ನನ್ನ ‘ಪರ’ ಭಾಷಣದಲ್ಲಿದ್ದ ಅತ್ಯಂತ ಗಟ್ಟಿ ವಾದಕ್ಕೆ ಬರುತ್ತೇನೆ. ಅಣ್ಣನೂ ಅದನ್ನೇ ಹೇಳಿದ. ಲಾಠಿಗೂ ಗುಂಡಿಗೂ ನಡುವೆ ಪೊಲೀಸನ ಕೈಲಿ ಹೆಚ್ಚು ಮೆಟ್ಟಿಲುಗಳಿದ್ದಷ್ಟೂ ಗುಂಡು ಹಾರುವುದು ಕಡಿಮೆಯಾಗುತ್ತದೆ. 1980ರಲ್ಲಿ ನರಗುಂದ, ನವಲಗುಂದ. 2008ರ ಜೂನ್ 10ರಂದು ಗೊಬ್ಬರ ಕೇಳಲು ಬಂದ ರೈತರ ಮೇಲೆ ಹಾವೇರಿಯಲ್ಲಿ ಗೋಲಿಬಾರ್, ಇಬ್ಬರ ಸಾವು. ಜಲಫಿರಂಗಿಯ ‘ವರುಣ’, ಒಟ್ಟೊಟ್ಟಿಗೆ ಶೆಲ್ ಸಿಡಿಸುವ ‘ವಜ್ರ’ ವಾಹನ, ಇವೆಲ್ಲ ಇರುವುದು ಆ ಕೊನೆಯ ಮೆಟ್ಟಿಲು ಹತ್ತದಿರಲಿ ಎಂದೇ. ಅಣ್ಣ ಕೇಳಿದ: ‘ರೈತನ ಎದೆಗೆ ಗುಂಡು ಬೀಳೋದಕ್ಕಿಂತ ಮೈಗೆ ನೀರು ಬೀಳೋದು ವಾಸಿ ಅಲ್ವಾ?’ ವಾಸಿಯೇ. ಇದಕ್ಕೆ ನನ್ನ ಬಳಿ ಎದುರು ಮಾತಿಲ್ಲ.

ಆದರೆ ಮೆಟ್ಟಿಲಿಗೆ ಇನ್ನೊಂದು ಗುಣವಿದೆ. ಗುಂಡು ಹಾರಿಸುವ ಮುನ್ನ ಯಾವ ಅಧಿಕಾರಿಯಾದರೂ ಹತ್ತು ಸಲ ಯೋಚಿಸುತ್ತಾನೆ, ಯಾಕೆಂದರೆ ಆಮೇಲೆ ವಿಚಾರಣೆ, ವರದಿ, ವಿಧಾನಸಭೆಯಲ್ಲಿ ಗದ್ದಲ. ಅಶ್ರುವಾಯುವಿಗೆ ಎರಡು ಸಲ ಯೋಚಿಸಿದರೆ ಸಾಕು. ಡ್ರೋನಿಗೆ? 2024ರ ಫೆಬ್ರುವರಿ 13ರಂದು ಪಂಜಾಬ್–ಹರಿಯಾಣದ ಶಂಭು ಗಡಿಯಲ್ಲಿ ದೆಹಲಿಗೆ ಹೊರಟಿದ್ದ ರೈತರ ಮೇಲೆ ಹರಿಯಾಣ ಪೊಲೀಸರು ಡ್ರೋನ್‌ಗಳಿಂದ ಅಶ್ರುವಾಯು ಶೆಲ್ ಉದುರಿಸಿದರು. ಅದಕ್ಕೆ ರೈತರು ಹೂಡಿದ ಉಪಾಯ ನೋಡಿ ನಮ್ಮ ಬೀದಿಯ ಹುಡುಗರೆಲ್ಲ ಶಿಳ್ಳೆ ಹೊಡೆದಿದ್ದರು: ಡ್ರೋನಿಗೆ ದಾರ ಸುತ್ತಿಕೊಳ್ಳಲಿ ಎಂದು ಅವರು ಗಾಳಿಪಟ ಹಾರಿಸಿದರು! ಆಷಾಢ ಬಂದರೆ ಆಕಾಶ ತುಂಬ ಗಾಳಿಪಟ ಕಾಣುವ ದೊಡ್ಡಬಳ್ಳಾಪುರದವರಿಗೆ ಅದು ಅರ್ಥವಾಗದೇ ಇರುತ್ತದೆಯೇ? ನಾನೂ ನಕ್ಕಿದ್ದೆ. ಅಣ್ಣನ ಮಾತು ಕೇಳಿದ ಮೇಲೆ ಆ ದೃಶ್ಯವನ್ನು ಮತ್ತೆ ನೋಡಿದೆ. ಮೇಲಿನಿಂದ ಶೆಲ್ ಬೀಳುವಾಗ ಅದನ್ನು ಬೀಳಿಸಿದವನು ಎಲ್ಲೋ ದೂರದಲ್ಲಿ ಪರದೆ ನೋಡುತ್ತಾ ನಿಂತಿರುತ್ತಾನೆ. ಅವನಿಗೆ ಕೆಳಗೆ ಕಾಣುವುದು ಚುಕ್ಕಿಗಳು. ಅದರಲ್ಲಿ ಯಾವ ಚುಕ್ಕಿ ಯಾರ ಅತ್ತೆ?

ನನ್ನ ಮನಸ್ಸಿನಲ್ಲಿ ಗಂಟು ಬಿಚ್ಚಿಕೊಂಡದ್ದು ಇಲ್ಲೇ. ಸಲಕರಣೆ ಸೇನೆಯದೋ ಪೊಲೀಸರದೋ ಎಂಬುದಕ್ಕಿಂತ ಅದು ಇಬ್ಬರ ನಡುವೆ ಎಷ್ಟು ದೂರ ಇಡುತ್ತದೆ ಎಂದು ಕೇಳಬೇಕು. ಕೈಯಲ್ಲಿ ಎತ್ತಿ ಬಸ್ಸಿಗೆ ಹತ್ತಿಸುವಾಗ ಪೊಲೀಸನಿಗೆ ಎದುರಿನವರ ವಯಸ್ಸು ಕಾಣುತ್ತದೆ, ಅಳು ಕೇಳುತ್ತದೆ, ಅವನ ಮುಖವೂ ಅವರಿಗೆ ಕಾಣುತ್ತದೆ. ದೇವನಹಳ್ಳಿಯಲ್ಲಿ ಎಳೆದಾಡಿದ್ದು ಸರಿ ಎಂದು ನಾನು ಹೇಳುತ್ತಿಲ್ಲ. ಆದರೆ ಅಂದು ಎಳೆದಾಡಿದ್ದು ಎಲ್ಲರ ಕಣ್ಣಿಗೆ ಬಿತ್ತು, ಅದಕ್ಕೇ ನಾಡಿನ ಜನ ಕೇಳಿದರು. ನೂರು ಮೀಟರು ದೂರದಿಂದ ಬರುವ ಹೊಗೆಗೆ ಮುಖವಿಲ್ಲ. ‘ನಿಧಾನಕ್ಕೆ’ ಮಾಡಲು ಅಲ್ಲಿ ಜಾಗವೇ ಇಲ್ಲ, ಗುಂಡಿ ಒತ್ತುವುದು ಅಥವಾ ಒತ್ತದಿರುವುದು, ಅಷ್ಟೇ.

ಒಂದು ವಿಚಿತ್ರ ಹೇಳಲೇಬೇಕು. ಅತ್ತೆಯವರ ಹೋಬಳಿಯ ಆ ಜಮೀನು ಕೇಳಿದ್ದು ರಕ್ಷಣಾ ಮತ್ತು ವೈಮಾನಿಕ ಪಾರ್ಕಿಗಾಗಿ. ಯಲಹಂಕದಲ್ಲಿ ಏರೋ ಇಂಡಿಯಾ ನಡೆಯುವಾಗ ನಾವೆಲ್ಲ ಮಾಳಿಗೆ ಹತ್ತಿ ಸುಖೋಯ್ ನೋಡಿ ಕೈ ತಟ್ಟಿದವರೇ. ದೇಶ ಕಾಯುವ ಸಾಮಾನಿನ ಬಗ್ಗೆ ನಮಗೆ ಪ್ರೀತಿ ಇದೆ. ಅದು ರಾಗಿ ಹೊಲ, ದ್ರಾಕ್ಷಿ ತೋಟದ ಬಾಗಿಲಿಗೆ ಬಂದಾಗ ಮಾತ್ರ ಅದರ ಇನ್ನೊಂದು ಮುಖ ಕಾಣುತ್ತದೆ.

ಹಾಗಾದರೆ ಏನು ಮಾಡಬೇಕು? ‘ಎಲ್ಲ ಬೇಡ’ ಎನ್ನಲು ಅಣ್ಣನ ತಲೆ ನನಗೆ ಬೇಕು. ‘ಎಲ್ಲ ಬೇಕು’ ಎನ್ನಲು ಅತ್ತೆಯ ಕಣ್ಣು ಬೇಕು. ಓದುತ್ತಾ ಹೋದಾಗ ಕ್ಯಾಲಿಫೋರ್ನಿಯಾದ ಒಂದು ಕಾನೂನು ಸಿಕ್ಕಿತು. 2021ರಲ್ಲಿ ಆದದ್ದು, ಅಸೆಂಬ್ಲಿ ಮಸೂದೆ 481. ಅದರ ಪ್ರಕಾರ ಯಾವುದೇ ಊರಿನ ಪೊಲೀಸರು ಕವಚ ವಾಹನ, ಡ್ರೋನ್, ಅಶ್ರುವಾಯು, ಕಿವಿ ಹರಿಯುವ ಶಬ್ದಯಂತ್ರ ಇಂಥವನ್ನು ಕೊಳ್ಳುವ ಮುಂಚೆ ಆ ಊರಿನ ಚುನಾಯಿತ ಆಡಳಿತದ ಮುಂದೆ, ಸಾರ್ವಜನಿಕ ಸಭೆಯಲ್ಲಿ ಒಪ್ಪಿಗೆ ಪಡೆಯಬೇಕು. ಯಾಕೆ ಬೇಕು, ಎಷ್ಟು ದುಡ್ಡು, ಯಾವಾಗ ಬಳಸುತ್ತೀರಿ ಎಂದು ಬರೆದು ಕೊಡಬೇಕು. ವರ್ಷಕ್ಕೊಮ್ಮೆ ಬಳಕೆಯ ವರದಿ ಕೊಡಬೇಕು. ಅದರ ಮೇಲೆ ಜನರ ಸಭೆ ಕರೆದು ಪ್ರಶ್ನೆ ಕೇಳಿಸಿಕೊಳ್ಳಬೇಕು.

ನಮ್ಮಲ್ಲಿ ಇದು ಕನಸಿನ ಮಾತು ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ನಮ್ಮ ತಾಲ್ಲೂಕಿನಲ್ಲಿ ಮೂರು ತಿಂಗಳಿಗೊಮ್ಮೆ ಕೆಡಿಪಿ ಸಭೆ ನಡೆಯುತ್ತದೆ. ಕೊಳವೆಬಾವಿ ಎಷ್ಟು ಕೊರೆಸಿದಿರಿ, ಹಾಸ್ಟೆಲಿನ ಹಾಸಿಗೆ ಎಲ್ಲಿ, ಬಿತ್ತನೆ ರಾಗಿ ಬಂತೇ ಎಂದು ಶಾಸಕರು ಅಧಿಕಾರಿಗಳನ್ನು ಬೆವರಿಳಿಸಿ ಕೇಳುವುದನ್ನು ಪತ್ರಿಕೆಗಳಲ್ಲಿ ಓದುತ್ತೇವೆ. ಜಿಲ್ಲೆಯ ಪೊಲೀಸರಿಗೆ ಈ ವರ್ಷ ಏನೇನು ಬಂತು, ಕಳೆದ ವರ್ಷದ ಶೆಲ್ಲುಗಳಲ್ಲಿ ಎಷ್ಟು ಸಿಡಿದವು, ಯಾರ ಆದೇಶದ ಮೇಲೆ ಸಿಡಿದವು ಎಂದು ಯಾರಾದರೂ ಕೇಳಿದ್ದನ್ನು ನಾನು ಓದಿಲ್ಲ. ಕೇಳಬಾರದೆಂದಲ್ಲ, ಅದು ಕೇಳುವ ವಿಷಯ ಎಂದೇ ಯಾರಿಗೂ ಹೊಳೆದಂತಿಲ್ಲ. ಭಯೋತ್ಪಾದನೆ ನಿಗ್ರಹದ ಗುಟ್ಟುಗಳನ್ನು ಯಾರೂ ಕೇಳುತ್ತಿಲ್ಲ. ಗರುಡ ಪಡೆಯ ಬಂದೂಕಿನ ನಂಬರು ನಮಗೆ ಬೇಡ. ಗುಂಪು ಚದುರಿಸುವ ಸಾಮಾನಿನ ಲೆಕ್ಕ ಸಾಕು.

ಇನ್ನೊಂದು ಚಿಕ್ಕ ಸಂಗತಿ. ಬಂಧಿತರ ಹೆಸರು, ವಿಳಾಸ, ಆರೋಪ ಏನೆಂಬುದನ್ನು ಪ್ರತಿ ಠಾಣೆಯಲ್ಲೂ, ಜಿಲ್ಲಾ ಕೇಂದ್ರದಲ್ಲೂ ಎಲ್ಲರಿಗೂ ಕಾಣುವಂತೆ ಪ್ರದರ್ಶಿಸಬೇಕು ಎಂದು ಹೊಸ ಸಂಹಿತೆಯ 37ನೇ ಕಲಮು ಹೇಳುತ್ತದೆ. ಅಂದರೆ ಫಲಕ ಹಾಕುವ ಅಭ್ಯಾಸ ಕಾನೂನಿನಲ್ಲಿ ಆಗಲೇ ಇದೆ. ಅದರ ಪಕ್ಕ ಇನ್ನೊಂದು ಸಾಲು ಬರೆಯಲು ಎಷ್ಟು ಸುಣ್ಣ ಬೇಕು? ದಿನಾಂಕ ಇಷ್ಟು, ಸ್ಥಳ ಇಂಥದ್ದು, ಲಾಠಿ ಪ್ರಹಾರ ಆಯಿತು, ಅಶ್ರುವಾಯು ಇಷ್ಟು ಶೆಲ್, ಆದೇಶ ಕೊಟ್ಟವರು ಇಂಥ ಹುದ್ದೆಯವರು, ಗಾಯಗೊಂಡ ಜನ ಇಷ್ಟು, ಪೊಲೀಸರು ಇಷ್ಟು. ಪೊಲೀಸರು ಎಷ್ಟು ಜನ ಗಾಯಗೊಂಡರು ಎಂಬುದನ್ನೂ ಖಂಡಿತ ಬರೆಯಬೇಕು. ಅಮೆರಿಕದ ಪಂಡಿತರು ದಾಖಲೆ ಸರಿಯಿಲ್ಲದೆ ತಪ್ಪು ಲೆಕ್ಕ ಮಾಡಿದ್ದು ನೆನಪಿದೆಯಲ್ಲ? ಹೀಗೊಂದು ಫಲಕವಿದ್ದರೆ ಅಣ್ಣನ ‘ಮೆಟ್ಟಿಲು’ ವಾದ ನಿಜವೋ ಸುಳ್ಳೋ ಎಂಬುದೂ ಹತ್ತು ವರ್ಷದಲ್ಲಿ ತಿಳಿದುಬಿಡುತ್ತದೆ. ಜಲಫಿರಂಗಿ ಬಂದ ಮೇಲೆ ಗುಂಡು ಕಡಿಮೆಯಾಯಿತೇ, ಇಲ್ಲ ಲಾಠಿಯೂ ಇಲ್ಲದೆ ಮುಗಿಯುತ್ತಿದ್ದ ಕಡೆಯೂ ನೀರು ಬೀಳತೊಡಗಿತೇ?

ಇದನ್ನು ಪತ್ರಿಕೆಗೆ ಕಳಿಸುವ ಮುನ್ನ ಅಣ್ಣನಿಗೆ ಫೋನಿನಲ್ಲಿ ಓದಿ ಹೇಳಿದೆ. ಹಿಂದೆ ಬಸ್ಸಿನ ಹಾರನ್ನು, ಯಾರೋ ಹಾಜರಿ ಕೂಗುವ ಸದ್ದು ಕೇಳುತ್ತಿತ್ತು. ಕೊನೆಯವರೆಗೂ ಕೇಳಿಸಿಕೊಂಡ. ‘ನನ್ನ ಹೆಸರು, ಪಡೆ, ಊರು ಹಾಕ್ಬೇಡ’ ಅಂದ. ಹಾಕಿಲ್ಲ. ‘ಹೆಲ್ಮೆಟ್ಟಿನ ಪರದೆ ಮಂಜಾಗೋದು ಹಾಕಿದ್ಯಲ್ಲ, ಒಳ್ಳೇದಾಯ್ತು. ಅದನ್ನ ಯಾರೂ ಬರೆಯಲ್ಲ’ ಅಂದ. ಫಲಕದ ವಿಷಯಕ್ಕೆ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, ‘ಹಾಕ್ಲಿ ಬಿಡು. ಆದೇಶ ಕೊಟ್ಟವರ ಹುದ್ದೆನೂ ಅದರಲ್ಲಿ ಇರ್ಲಿ. ಈಗೆಲ್ಲ ಫೋಟೊದಲ್ಲಿ ಬರೋದು ನಮ್ಮ ಮುಖ ಒಂದೇ’ ಅಂದ.

ಅಷ್ಟರಲ್ಲಿ ಅವರ ತಂಡದ ಬಸ್ಸು ಹೊರಟಿತು. ಎಲ್ಲಿಗೆ ಎಂದು ಕೇಳಿದೆ. ‘ಗೊತ್ತಿಲ್ಲ, ಹತ್ತಿದ ಮೇಲೆ ಹೇಳ್ತಾರೆ’ ಎಂದು ಫೋನಿಟ್ಟ.